ರಾಜಗೃಹದ ಪರಿಚಾರಕರೂ ಅವರ ಹೆಸರುಗಳೂ

ಬ್ರಿಟನ್ನಿನ ಇತಿಹಾಸವನ್ನು ಸ್ವಲ್ಪಮಟ್ಟಿಗಾದರೂ ಓದಿದವರಿಗೆ ಸ್ಟುವರ್ಟ್, ಬಟ್ಲರ್, ಮಾರ್ಷಲ್ ಎಂಬ ಹೆಸರುಗಳು ಅಪರಿಚಿತವಲ್ಲ. ಮೊದಲನೆಯದು ಮೂರು ಶತಮಾನಗಳಿಗೂ ಮೀರಿ ಸಿಂಹಾಸನವನ್ನಾಳಿದ ರಾಜವಂಶದ ಹೆಸರು. ಎರಡನೆಯದು ಐರ್ಲೆಂಡಿನ ಕಿಲ್ಕೆನ್ನಿ ಪ್ರಾಂತವನ್ನು ತಲೆತಲಾಂತರವಾಗಿ ತಮ್ಮ ಅಂಕೆಯಲ್ಲಿಟ್ಟುಕೊಂಡಿದ್ದ ಮಹಾಸಾಮಂತರ ಹೆಸರು. ಮೂರನೆಯದು ಇಂಗ್ಲೆಂಡಿನ ಬಾಲರಾಜನೊಬ್ಬನಿಗೆ ಅವನ ರಾಜ್ಯವನ್ನು ಉಳಿಸಿಕೊಟ್ಟ ವೀರನ ಹೆಸರು. ಇಂದು ಇವು ಕಿವಿಗೆ ಬಿದ್ದೊಡನೆ ಕಿರೀಟ, ಕೋಟೆ, ಕತ್ತಿಗಳು ಮನಸ್ಸಿಗೆ ಬರುತ್ತವೆಯಾದರೂ, ಹುಟ್ಟಿದ ಕಾಲದಲ್ಲಿ ಇವು ವಂಶದ ಹೆಸರುಗಳಾಗಿರದೆ ಮನೆವಾರ್ತೆಯ ಕೆಲಸಗಳ ಹೆಸರುಗಳಾಗಿದ್ದುವು: ಒಬ್ಬನದು ಊಟದ ಶಾಲೆಯ ಮೇಲ್ವಿಚಾರಣೆ, ಇನ್ನೊಬ್ಬನದು ದ್ರಾಕ್ಷಾರಸದ ಪಾತ್ರೆ, ಮತ್ತೊಬ್ಬನದು ಕುದುರೆಯ ಲಾಯ. ಇಷ್ಟು ಸಾಮಾನ್ಯವಾದ ಕೆಲಸಗಳು ಅಷ್ಟು ಉನ್ನತವಾದ ಹೆಸರುಗಳಾಗಿ ಬೆಳೆದ ಬಗೆಯನ್ನು ವಿಚಾರಿಸಿದರೆ, ಅರಸನ ಸೇವೆಯು ಅಧಿಕಾರವಾಗಿ, ಅಧಿಕಾರವು ಸ್ವತ್ತಾಗಿ, ಸ್ವತ್ತು ವಂಶಾಭಿಮಾನವಾಗಿ ಪರಿಣಮಿಸಿದ ಕ್ರಮವೇ ಕಣ್ಣಿಗೆ ಕಟ್ಟುತ್ತದೆ.

1066ರ ಅಕ್ಟೋಬರಿನಲ್ಲಿ ಹೇಸ್ಟಿಂಗ್ಸಿನ ಬಳಿ ಆಂಗ್ಲರಾಜನಾದ ಹೆರಾಲ್ಡನು ಮಡಿದು, ಅದೇ ವರ್ಷದ ಕ್ರಿಸ್ಮಸ್ ದಿನ ನಾರ್ಮಂಡಿಯ ಡ್ಯೂಕ್ ವಿಲಿಯಮನು ವೆಸ್ಟ್‌ಮಿನ್‌ಸ್ಟರಿನಲ್ಲಿ ಕಿರೀಟವನ್ನು ಧರಿಸಿದನು. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ನೆಲದ ಒಡೆತನ ಎಷ್ಟು ಸಮಗ್ರವಾಗಿ ಕೈಬದಲಾಯಿತೆಂಬುದಕ್ಕೆ 1086ರ ಡೂಮ್ಸ್‌ಡೇ ಪುಸ್ತಕವೇ ಸಾಕ್ಷಿ. ಅಲ್ಲಿ ವಿಜಯಪೂರ್ವದ ಒಡೆಯರ ಸಾಲಿನಲ್ಲಿ ಆಲ್ಫ್ರಿಕ್, ವುಲ್ಫ್‌ಸ್ಟನ್, ಗಾಡ್ವಿನ್ ಎಂಬ ಹೆಸರುಗಳಿದ್ದರೆ, ಹೊಸ ಒಡೆಯರ ಸಾಲಿನಲ್ಲಿ ರಾಬರ್ಟ್, ರೋಜರ್, ಹ್ಯೂ, ರಾಲ್ಫ್, ವಿಲಿಯಮ್ ಎಂಬವು ಕಾಣಿಸಿಕೊಳ್ಳುತ್ತವೆ. ನೆಲವನ್ನು ಕಳೆದುಕೊಂಡವರು ಕಾಲಕ್ರಮದಲ್ಲಿ ತಮ್ಮ ಹೆಸರುಗಳನ್ನೂ ಕಳೆದುಕೊಂಡರು. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ವಿಟ್ಬಿ ಎಂಬ ಊರಿನಲ್ಲಿ ಹುಟ್ಟಿದ ಮಗುವೊಂದಕ್ಕೆ ತಾಯಿತಂದೆಗಳು ಟಾಸ್ಟಿಗ್ ಎಂದು ಪೂರ್ವಿಕರ ರೀತಿಯ ಹೆಸರನ್ನಿಟ್ಟಿದ್ದರು. ಜೊತೆಯ ಹುಡುಗರು ಆ ಹೆಸರನ್ನು ಹಿಡಿದು ಹಾಸ್ಯಮಾಡತೊಡಗಿದುದರಿಂದ ಅವನನ್ನು ವಿಲಿಯಮ್ ಎಂದು ಕರೆಯಬೇಕಾಯಿತು. ಮುಂದೆ ಸನ್ಯಾಸಿಯಾಗಿ ಬಾರ್ತಲೋಮಿಯು ಎಂಬ ಮೂರನೆಯ ಹೆಸರನ್ನು ಪಡೆದು, ಫಾರ್ನ್ ದ್ವೀಪದ ಏಕಾಂತದಲ್ಲಿ ತಪಸ್ವಿಯಾಗಿ ಬಾಳಿದ ಆ ಪುಣ್ಯಪುರುಷನ ಚರಿತ್ರೆಯಲ್ಲಿ ಈ ಸಂಗತಿ ದಾಖಲೆಯಾಗಿದೆ. ರಾಜ್ಯವನ್ನು ಗೆಲ್ಲುವುದು ಸೈನ್ಯದ ಕೆಲಸ. ಆದರೆ ಸೋತವರ ಮಕ್ಕಳು ತಮ್ಮ ಹೆಸರಿಗೆ ತಾವೇ ನಾಚುವಂತಾದಾಗ ಆ ಗೆಲುವು ಪೂರ್ಣವಾಗುತ್ತದೆ.

ಹೀಗೆ ಎಲ್ಲರೂ ಗೆದ್ದವರ ಕೆಲವೇ ಹೆಸರುಗಳನ್ನು ಹಿಡಿದುದರಿಂದ ಹೊಸದೊಂದು ತೊಡಕು ಹುಟ್ಟಿತು. 1171ರ ಕ್ರಿಸ್ಮಸ್ ಕಾಲದಲ್ಲಿ ಎರಡನೆಯ ಹೆನ್ರಿಯ ಮಗನಾದ ಯುವರಾಜನು ನಾರ್ಮಂಡಿಯ ಬಾಯೋ ನಗರದ ಸಮೀಪದಲ್ಲಿ ಸಭೆ ಸೇರಿಸಿದ್ದಾಗ, ವಿಲಿಯಮ್ ಎಂಬ ಹೆಸರಿನವರೇ ಆದ ಇಬ್ಬರು ಅಧಿಕಾರಿಗಳು ಆ ಹೆಸರಿಲ್ಲದ ಯಾರೂ ತಮ್ಮ ಕೊಠಡಿಯಲ್ಲಿ ಉಣ್ಣಕೂಡದೆಂದು ಕಟ್ಟುಮಾಡಿದರಂತೆ. ಉಳಿದವರನ್ನೆಲ್ಲ ಹೊರಗೆ ಕಳುಹಿಸಿದ ಮೇಲೂ ನೂರಕ್ಕೆ ಮೀರಿದ ಯೋಧರು ಅಲ್ಲಿ ಕುಳಿತೇ ಇದ್ದರೆಂದು ರಾಬರ್ಟ್ ಆಫ್ ಟೊರಿನ್ಯಿ ಎಂಬ ಮಠಾಧಿಪತಿ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಇಷ್ಟೊಂದು ಮಂದಿ ವಿಲಿಯಮರ ನಡುವೆ ಒಬ್ಬನನ್ನು ಗುರುತಿಸಬೇಕಾದರೆ ಇನ್ನೊಂದು ಪದ ಬೇಕು. ಆ ಪದವು ಹುಟ್ಟಿದ ಊರಿನಿಂದ ಬರಬಹುದಾಗಿತ್ತು, ತಂದೆಯ ಹೆಸರಿನಿಂದ ಬರಬಹುದಾಗಿತ್ತು, ಇಲ್ಲವೆ ಹಿಡಿದ ಕೆಲಸದಿಂದ ಬರಬಹುದಾಗಿತ್ತು.

ತಂದೆಯ ಹೆಸರಿನಿಂದ ಬಂದುದಕ್ಕೆ ಫಿಟ್ಸ್ ಎಂಬ ಪೂರ್ವಪದವೇ ಗುರುತು. ಮಗನೆಂಬ ಅರ್ಥದ ಲ್ಯಾಟಿನ್ ಶಬ್ದವು ನಾರ್ಮನರ ನಾಲಗೆಯಲ್ಲಿ ತಾಳಿದ ರೂಪವದು. ಮೊದಲನೆಯ ಹೆನ್ರಿಯು ತನ್ನ ವಿವಾಹೇತರ ಪುತ್ರನಾದ ರಾಬರ್ಟನಿಗೆ ಮೇಬಲ್ ಎಂಬ ಶ್ರೀಮಂತ ಕನ್ಯೆಯನ್ನು ತರಬೇಕೆಂದಾಗ, ಉಪನಾಮವಿಲ್ಲದವನನ್ನು ತಾನು ಒಲ್ಲೆನೆಂದು ಅವಳು ಹೇಳಿದಳೆಂದೂ, ಅರಸನು ಆಗ ತನ್ನ ಮಗನಿಗೆ ರಾಜಪುತ್ರನೆಂಬ ಅರ್ಥದ ಫಿಟ್ಸ್‌ರಾಯ್ ಎಂಬ ಹೆಸರನ್ನೂ, ಅವನ ಸಂತತಿಗೆ ಗ್ಲಾಸ್ಟರ್ ಎಂಬ ಹೆಸರನ್ನೂ ಕೊಟ್ಟನೆಂದೂ ಹದಿಮೂರನೆಯ ಶತಮಾನದ ಪದ್ಯರೂಪದ ಇತಿವೃತ್ತವೊಂದು ವರ್ಣಿಸುತ್ತದೆ. ಕಥೆ ಎಷ್ಟು ನಿಜವಾದರೂ ಇರಲಿ, ಆ ಕವಿಯ ಕಾಲಕ್ಕೆ ಕುಲೀನನಿಗೆ ಎರಡನೆಯ ಹೆಸರೊಂದು ಅವಶ್ಯವೆನಿಸಿತ್ತೆಂಬುದಂತೂ ಇದರಿಂದ ಸ್ಪಷ್ಟ. ಆದರೆ ಫಿಟ್ಸ್ ಪದಕ್ಕೆ ಸ್ಥೈರ್ಯವಿರಲಿಲ್ಲ. ಫ್ಲಾಡನ ಮಗ ಆಲನ್, ಆಲನನ ಮಗ ವಾಲ್ಟರ್, ವಾಲ್ಟರನ ಮಗ ಮತ್ತೊಬ್ಬ ಆಲನ್ ಎಂದು ಅದು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಬದಲಾಗದೆ ನಿಲ್ಲಬಲ್ಲ ಹೆಸರನ್ನು ಕೊಡಲು ಶಕ್ತವಾದುದು ಅರಮನೆಯ ಉದ್ಯೋಗ.

ಆ ಅರಮನೆಯ ಒಳಗು ಹೇಗಿದ್ದಿತೆಂಬುದನ್ನು ತಿಳಿಸುವ ಅಪೂರ್ವವಾದ ಪಟ್ಟಿಯೊಂದು ಉಳಿದುಬಂದಿದೆ. ಮೊದಲನೆಯ ಹೆನ್ರಿಯು 1135ರಲ್ಲಿ ತೀರಿಕೊಂಡ ಹೊತ್ತಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಸಿದ್ಧವಾದ ಇದರಲ್ಲಿ ರಾಜಪರಿವಾರದ ಒಬ್ಬೊಬ್ಬನಿಗೂ ದಿನಕ್ಕೆ ಸಲ್ಲುವ ಪಡಿ ಎಷ್ಟೆಂಬುದನ್ನು ನಮೂದಿಸಿದ್ದಾರೆ. ಚಾನ್ಸಲರನಿಗೆ ದಿನವೊಂದಕ್ಕೆ 5 ಷಿಲಿಂಗ್, ನಯವಾದ ಹಿಟ್ಟಿನ ಒಂದು ಒಡೆಯರ ರೊಟ್ಟಿ, ಎರಡು ಉಪ್ಪುರೊಟ್ಟಿ, ಒಂದು ಅಳತೆ ತಿಳಿಯಾದ ದ್ರಾಕ್ಷಾರಸ, ಇನ್ನೊಂದು ಅಳತೆ ಸಾಧಾರಣ ದ್ರಾಕ್ಷಾರಸ, ಒಂದು ದಪ್ಪನಾದ ಮೇಣದ ಬತ್ತಿ, ಅದಲ್ಲದೆ 40 ಬತ್ತಿಯ ತುಂಡುಗಳು. ಭೋಜನಶಾಲೆಯ ಅಧಿಕಾರಿಗಳು ಅರಮನೆಯ ಹೊರಗೆ ಉಂಡ ದಿನ ಅವರಿಗೂ ಚಾನ್ಸಲರನಷ್ಟೇ ಪಡಿ. ಪಾನಾಧ್ಯಕ್ಷನ ಸ್ಥಾನವೂ ಅವರಿಗೆ ಸಮಾನ. ರಾಜ್ಯದ ಮುದ್ರೆಯನ್ನು ಕೈಯಲ್ಲಿ ಹಿಡಿದವನಿಗೂ ಊಟದ ಮೇಜನ್ನು ನೋಡಿಕೊಳ್ಳುವವನಿಗೂ ಒಂದೇ ಮರ್ಯಾದೆ ಸಲ್ಲುತ್ತಿದ್ದಿತೆಂಬುದು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ಅದೇ ಪಟ್ಟಿಯ ಕೆಳಸಾಲುಗಳಲ್ಲಿ ಅರಸನ ಹಾಸಿಗೆಯನ್ನು ಹೊರುವವನೂ ಬಟ್ಟೆ ಒಗೆಯುವವಳೂ ಸೇರಿದ್ದಾರೆ.

ಇದರ ಕಾರಣ ದುರೂಹವಲ್ಲ. ಆ ಕಾಲದ ಅರಸನು ಒಂದೇ ನಗರದಲ್ಲಿ ನೆಲೆನಿಂತು ಆಳುತ್ತಿರಲಿಲ್ಲ. ಕಡಲಿನ ಎರಡು ದಡಗಳಲ್ಲಿಯೂ ಇದ್ದ ತನ್ನ ನಾಡುಗಳಲ್ಲಿ ಪರಿವಾರಸಮೇತನಾಗಿ ಸಂಚರಿಸುತ್ತ, ಹೋದಲ್ಲಿಯೇ ನ್ಯಾಯ ನುಡಿಯುತ್ತ, ಹೋದಲ್ಲಿಯೇ ಭೂಮಿಯನ್ನು ದಾನಮಾಡುತ್ತಿದ್ದನು. ಆದುದರಿಂದ ಅವನ ಮನೆಯೇ ರಾಜ್ಯದ ಕಚೇರಿ. ಅವನೊಡನೆ ದಿನವೂ ಮುಖಾಮುಖಿಯಾಗಿ ಮಾತನಾಡಬಲ್ಲವನಿಗೆ ಸಿರಿವಂತ ವಿಧವೆಯ ಕೈಹಿಡಿಯುವ ಅವಕಾಶ, ತಬ್ಬಲಿ ವಾರಸುದಾರನ ಆಸ್ತಿಯ ಪಾಲನೆ, ರಾಜದ್ರೋಹಿಯ ಕೈಬಿಟ್ಟ ಜಹಗೀರು ಎಲ್ಲವೂ ಸಮೀಪವಾಗಿದ್ದುವು. ಇಂಥ ಲಾಭದ ಸ್ಥಾನವನ್ನು ಪಡೆದವನು ಅದು ತನ್ನ ಮಗನಿಗೂ ಸಲ್ಲಬೇಕೆಂದು ಹಂಬಲಿಸಿದುದು ಸ್ವಾಭಾವಿಕ. ಮಗನು ತಂದೆಯ ಉದ್ಯೋಗದ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡಾಗ, ಅದು ಬರಿಯ ಗುರುತಾಗಿರದೆ ಹಕ್ಕಿನ ಘೋಷಣೆಯೂ ಆಗಿದ್ದಿತು.

ಮಾರ್ಷಲ್ ಮನೆತನವನ್ನು ನೋಡೋಣ. ಕುದುರೆಯ ಆಳು ಎಂಬುದೇ ಈ ಪದದ ಮೂಲಾರ್ಥ. ಗಿಲ್ಬರ್ಟ್ ಎಂಬವನೂ ಅವನ ಮಗ ಜಾನನೂ ಈ ಪದವಿಗಾಗಿ ಬೇರೆ ಹಕ್ಕುದಾರರೊಡನೆ ರಾಜಸಭೆಯಲ್ಲಿ ವ್ಯಾಜ್ಯ ಹೂಡಿ ಗೆದ್ದರು. ಮುಂದೆ ಅಂತಃಕಲಹದ ಕಾಲದಲ್ಲಿ ಈ ಜಾನನು ಸ್ಟೀಫನ್ ರಾಜನಿಗೆ ತನ್ನ ಕಿರಿಯ ಮಗ ವಿಲಿಯಮನನ್ನು ಒತ್ತೆಯಾಗಿ ಒಪ್ಪಿಸಿ, ಕೊಟ್ಟ ಮಾತನ್ನು ಮುರಿದನು. 1152ರಲ್ಲಿ ನ್ಯೂಬರಿಯ ಮುತ್ತಿಗೆಯ ವೇಳೆ ಹುಡುಗನನ್ನು ಗಲ್ಲಿಗೇರಿಸುವುದಾಗಿ ಬೆದರಿಸಿದಾಗ, ಇನ್ನೂ ಉತ್ತಮವಾದ ಮಕ್ಕಳನ್ನು ಪಡೆಯುವ ಸುತ್ತಿಗೆ ಅಡಿಗಲ್ಲುಗಳು ತನ್ನಲ್ಲಿವೆಯೆಂದು ತಂದೆ ಉತ್ತರ ಕಳುಹಿಸಿದನೆಂದು ಆ ಮನೆತನಕ್ಕಾಗಿಯೇ ರಚಿತವಾದ ಫ್ರೆಂಚ್ ಚರಿತ್ರಕಾವ್ಯವು ತಿಳಿಸುತ್ತದೆ. ದಯಾಳುವಾದ ಸ್ಟೀಫನ್ ಆ ಮಗುವನ್ನು ಕೊಲ್ಲಲಿಲ್ಲ. ಅಂದು ಸಾವಿನ ಬಾಯಿಯಿಂದ ಪಾರಾದ ಆ ಬಾಲಕನೇ ಪೆಂಬ್ರೋಕಿನ ಅರ್ಲ್ ಆಗಿ, 1216ರಲ್ಲಿ ಜಾನ್ ರಾಜನು ಗತಿಸಿದಾಗ ಒಂಬತ್ತು ವರ್ಷದ ಮೂರನೆಯ ಹೆನ್ರಿಯ ಪರವಾಗಿ ರಾಜ್ಯಭಾರವನ್ನು ಹೊತ್ತು, ಮಹಾಸನ್ನದನ್ನು ಪುನಃ ಹೊರಡಿಸಿ, ಎಪ್ಪತ್ತರ ಇಳಿವಯಸ್ಸಿನಲ್ಲಿ ಲಿಂಕನ್ ನಗರದ ಯುದ್ಧವನ್ನು ಗೆದ್ದನು. 1219ರಲ್ಲಿ ಮೃತನಾದ ಅವನ ಸಮಾಧಿ ಲಂಡನ್ನಿನ ಟೆಂಪಲ್ ಚರ್ಚಿನಲ್ಲಿದೆ. ಆದರೆ ಅವನ ಐವರು ಗಂಡುಮಕ್ಕಳೂ ಸಂತಾನವಿಲ್ಲದೆ 1245ರೊಳಗೆ ತೀರಿಕೊಂಡು, ಪದವಿಯು ಮಗಳ ಮೂಲಕ ಬಿಗಾಡ್ ಮನೆತನಕ್ಕೆ ಹೋಯಿತು.

ಸ್ಟುವರ್ಟ್ ವಂಶದ ಬೇರು ಫ್ರಾನ್ಸಿನ ಬ್ರಿಟನಿ ಪ್ರಾಂತದ ಡಾಲ್ ಎಂಬ ಸಣ್ಣ ಪಟ್ಟಣದಲ್ಲಿದೆ. ಅಲ್ಲಿನ ಒಡೆತನದಲ್ಲಿ ಊಟ ಬಡಿಸುವವನೆಂಬ ಅರ್ಥದ ಲ್ಯಾಟಿನ್ ಬಿರುದನ್ನು ಈ ಕುಲವು ವಂಶಪಾರಂಪರ್ಯವಾಗಿ ಹೊಂದಿದ್ದಿತು. ಮೊದಲನೆಯ ಹೆನ್ರಿಯನ್ನು ಅನುಸರಿಸಿ ಬಂದ ಫ್ಲಾಡನ ಮಗ ಆಲನನಿಗೆ ವೇಲ್ಸಿನ ಗಡಿಯಲ್ಲಿ ಆಸ್ವೆಸ್ಟ್ರಿ ಎಂಬ ಸೀಮೆ ದೊರೆಯಿತು. ಹಿರಿಯ ಮಗನಾದ ವಿಲಿಯಮನಿಗೆ ತಂದೆಯ ಆಸ್ತಿ ಸಂದಿತು; ಕಿರಿಯನಾದ ವಾಲ್ಟರನು ಉತ್ತರಕ್ಕೆ ಹೋಗಿ ಸ್ಕಾಟ್ಲೆಂಡಿನ ಮೊದಲನೆಯ ಡೇವಿಡ್ ರಾಜನ ಭೋಜನಶಾಲೆಯ ಅಧಿಪತಿಯಾಗಿ, ರೆನ್‌ಫ್ರೂ ಸೀಮೆಯನ್ನು ಪಡೆದು, ಪೇಸ್ಲಿಯ ಮಠವನ್ನು ಸ್ಥಾಪಿಸಿ 1177ರಲ್ಲಿ ತೀರಿಕೊಂಡನು. ಅವನ ಸಂತತಿಯವರು ಆ ಪದವಿಯ ಆಂಗ್ಲ ಹೆಸರನ್ನೇ ಕುಲನಾಮವಾಗಿ ತಳೆದರು. ಆರನೆಯ ಅಧಿಪತಿಯು 1315ರಲ್ಲಿ ರಾಬರ್ಟ್ ಬ್ರೂಸ್ ರಾಜನ ಮಗಳಾದ ಮಾರ್ಜರಿಯನ್ನು ಮದುವೆಯಾದನು. ಅವರ ಮಗನು 1371ರಲ್ಲಿ ಎರಡನೆಯ ರಾಬರ್ಟನೆಂದು ಸಿಂಹಾಸನವೇರಿದನು. ಅರಸರ ಊಟವನ್ನು ನೋಡಿಕೊಳ್ಳುತ್ತಿದ್ದ ಮನೆತನವೇ ಹೀಗೆ ಅರಸುಮನೆತನವಾಗಿ, 1603ರಲ್ಲಿ ಇಂಗ್ಲೆಂಡಿನ ಕಿರೀಟವನ್ನೂ ಪಡೆದು, 1714ರಲ್ಲಿ ಆನ್ ರಾಣಿಯೊಡನೆ ರಾಜ್ಯಭಾರವನ್ನು ಮುಗಿಸಿತು. ಹಿರಿಯ ಶಾಖೆಯ ಕಥೆಯೂ ಸ್ವಾರಸ್ಯವಾದುದೇ. ಆ ಶಾಖೆಯವರು ಫಿಟ್ಸ್‌ಆಲನ್ ಎಂಬ ಹೆಸರನ್ನು ಸ್ಥಿರಪಡಿಸಿಕೊಂಡು ಅರುಂಡೆಲಿನ ಅರ್ಲ್‌ಗಳಾದರು. ಹದಿನಾರನೆಯ ಶತಮಾನದಲ್ಲಿ ವಿವಾಹದ ಮೂಲಕ ಅವರ ಆಸ್ತಿಯು ಹೊವಾರ್ಡ್ ಕುಲವನ್ನು ಸೇರಿತು. ಇಂಗ್ಲೆಂಡಿನ ಪಟ್ಟಾಭಿಷೇಕಗಳನ್ನು ಏರ್ಪಡಿಸುವ ಅರ್ಲ್ ಮಾರ್ಷಲ್ ಪದವಿ ಇಂದು ಇರುವುದು ಆ ಕುಲದ ನಾರ್ಫಕ್ ಡ್ಯೂಕರಲ್ಲಿ. ಅವರ ಮನೆತನದ ಹೆಸರು ಫಿಟ್ಸ್‌ಆಲನ್ ಹೊವಾರ್ಡ್. ಲಾಯದ ಅಧಿಕಾರವು ಹೀಗೆ ಸುತ್ತಿ ಸುತ್ತಿ ಭೋಜನಶಾಲೆಯ ದಾಯಾದಿಗಳ ಕೈಸೇರಿದೆ.

ಬಟ್ಲರ್ ಮನೆತನದ ಮೂಲಪುರುಷನು ಥಿಯೋಬಾಲ್ಡ್ ವಾಲ್ಟರ್. ಮುಂದೆ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನಾದ ಹ್ಯೂಬರ್ಟ್ ವಾಲ್ಟರನ ಸೋದರ. 1185ರಲ್ಲಿ ರಾಜಕುಮಾರ ಜಾನನೊಡನೆ ಐರ್ಲೆಂಡಿಗೆ ಹೋದ ಅವನಿಗೆ ಆ ನಾಡಿನ ಪಾನಾಧ್ಯಕ್ಷನೆಂಬ ಪದವಿಯೂ ವಿಸ್ತಾರವಾದ ಭೂಮಿಯೂ ದೊರೆತುವು. ಅವನ ವಂಶಕ್ಕೆ ಸಂದ ಹಕ್ಕುಗಳಲ್ಲಿ ಮುಖ್ಯವಾದುದು ಐರ್ಲೆಂಡಿನ ಬಂದರುಗಳಿಗೆ ಬರುವ ದ್ರಾಕ್ಷಾರಸದಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ತೆಗೆದುಕೊಳ್ಳುವುದು. ಹಡಗು ದಡ ಮುಟ್ಟಿದೊಡನೆ ಪೀಪಾಯಿಗಳನ್ನು ಎಣಿಸಿ ತಮ್ಮ ಪಾಲನ್ನು ಇಳಿಸಿಕೊಳ್ಳುತ್ತಿದ್ದ ಈ ಮನೆತನವು 1328ರಲ್ಲಿ ಆರ್ಮಂಡಿನ ಅರ್ಲ್ ಪದವಿಗೇರಿ, 1391ರಲ್ಲಿ ಕಿಲ್ಕೆನ್ನಿಯ ಕೋಟೆಯನ್ನು ಕೊಂಡುಕೊಂಡಿತು. ಅರಸನಿಗೆ ಪಾನಪಾತ್ರೆಯನ್ನು ನೀಡುವುದು ಕೇವಲ ವಿಧಿಯಾಗಿ ಎಷ್ಟೋ ಶತಮಾನಗಳು ಕಳೆದ ಮೇಲೂ ಪೀಪಾಯಿಯ ಆದಾಯ ಮಾತ್ರ ನಿಲ್ಲಲಿಲ್ಲ. ಕೊನೆಗೆ 1811ರಲ್ಲಿ ಬ್ರಿಟಿಷ್ ಸರ್ಕಾರವು 2,16,000 ಪೌಂಡುಗಳನ್ನು ತೆತ್ತು ಆ ಹಕ್ಕನ್ನು ಮರಳಿ ಪಡೆಯಬೇಕಾಯಿತು. ಸೇವೆಯು ಸ್ವತ್ತಾಗುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಈ ಹೆಸರುಗಳನ್ನು ಧರಿಸಿದವರೆಲ್ಲರೂ ಈ ಮಹಾಕುಲಗಳವರೆಂದು ಮಾತ್ರ ಭಾವಿಸಬಾರದು. ಅರಸನಿಗಿದ್ದಂತೆ ಸಾಮಂತನಿಗೂ ಧರ್ಮಾಧ್ಯಕ್ಷನಿಗೂ ಭೋಜನಶಾಲೆ, ಲಾಯ, ಉಗ್ರಾಣಗಳಿದ್ದುವು; ಅಲ್ಲಿ ದುಡಿದವರೂ ಬಟ್ಲರ್, ಚೇಂಬರ್ಲಿನ್, ಸ್ಪೆನ್ಸರ್ ಎನಿಸಿಕೊಂಡರು. ಹಳ್ಳಿಯಲ್ಲಿ ಕುದುರೆಗೆ ಲಾಳ ಕಟ್ಟಿ ರೋಗಕ್ಕೆ ಮದ್ದು ಮಾಡುತ್ತಿದ್ದವನೂ ಮಾರ್ಷಲನೇ. ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇಂಥ ಹೆಸರುಗಳು ಜನಸಾಮಾನ್ಯರಲ್ಲಿಯೂ ನೆಲೆಗೊಳ್ಳುತ್ತ ಬಂದು, ಮಗನು ತಂದೆಯ ಕಸುಬನ್ನು ಬಿಟ್ಟರೂ ಅದರ ಹೆಸರನ್ನು ಬಿಡಲಿಲ್ಲ. ಉಗ್ರಾಣದ ಅಧಿಕಾರಿಗಳಾದ ಡಿಸ್ಪೆನ್ಸರರು ಎರಡನೆಯ ಎಡ್ವರ್ಡನ ಕೃಪೆಯಿಂದ ಬೆಳೆದು 1326ರಲ್ಲಿ ತಂದೆಮಕ್ಕಳಿಬ್ಬರೂ ಘೋರವಾಗಿ ಮಡಿದರು. ಎರಡು ಶತಮಾನಗಳಾದ ಮೇಲೆ ಕುರಿ ಸಾಕಿ ಐಶ್ವರ್ಯ ಗಳಿಸಿ ಆಲ್ಥಾರ್ಪಿನಲ್ಲಿ ನೆಲಸಿದ ಸ್ಪೆನ್ಸರರು ತಾವು ಅವರ ಸಂತತಿಯೆಂದು ವಂಶಾವಳಿಯನ್ನು ಬರೆಯಿಸಿಕೊಂಡರು. ಜೆ. ಹೆಚ್. ರೌಂಡ್ ಎಂಬ ವಿದ್ವಾಂಸನು ದಾಖಲೆಗಳನ್ನು ಶೋಧಿಸಿ ಆ ಸಂಬಂಧವು ನಿರಾಧಾರವೆಂದು ತೋರಿಸಿಕೊಟ್ಟನು.

ಕುರಿಗಳಿಂದ ಬಂದ ಐಶ್ವರ್ಯದಲ್ಲಿ ಲಜ್ಜೆಗೆ ಕಾರಣವೇನೂ ಇರಲಿಲ್ಲ. ಆದರೂ ಆ ಮನೆಯವರು ರಾಜಸೇವಕರ ರಕ್ತವನ್ನು ಬಯಸಿದರು. ಮನುಷ್ಯನು ತನ್ನ ಹಿರಿಯರ ಶ್ರಮಕ್ಕಿಂತ ಅವರ ಪದವಿಯನ್ನು ಹೆಚ್ಚಾಗಿ ನೆನೆಯುತ್ತಾನೆ, ಪದವಿ ಇಲ್ಲದಿದ್ದರೆ ಕಲ್ಪಿಸಿಕೊಳ್ಳುತ್ತಾನೆ. ವಂಶಾವಳಿಯನ್ನು ಬರೆಯುವವನ ಲೇಖನಿ ಅವನ ಇಚ್ಛೆಗೆ ಅಧೀನ. ಆದರೆ ಹೆಸರು ಅಷ್ಟು ಸುಲಭವಾಗಿ ವಶವಾಗುವುದಿಲ್ಲ. ಜಹಗೀರುಗಳು ಹಂಚಿಹೋದರೂ, ಹಕ್ಕುಗಳು ಕ್ರಯಕ್ಕೆ ಹೋದರೂ, ಕಿರೀಟವೇ ಬೇರೆ ಕುಲಕ್ಕೆ ಸಂದರೂ, ಈ ಹೆಸರುಗಳು ತಾವು ಮೊದಲು ಹೇಳಿದ ಮಾತನ್ನೇ ಹೇಳುತ್ತಿವೆ: ಈ ಮನೆಯ ಹಿರಿಯನೊಬ್ಬನು ಒಂದು ಕಾಲದಲ್ಲಿ ಮತ್ತೊಬ್ಬನಿಗೆ ಊಟ ಬಡಿಸಿದನು, ಪಾತ್ರೆ ತುಂಬಿದನು, ಕುದುರೆ ತೊಳೆದನು. ದೊಡ್ಡ ಮನೆತನಗಳ ಚರಿತ್ರೆಯನ್ನು ಓದುವವರು ಆ ಕೆಲಸದಿಂದ ಓದನ್ನು ಆರಂಭಿಸುವುದು ಯುಕ್ತ. ಏಕೆಂದರೆ ಅವರ ವೈಭವವೆಲ್ಲವೂ ಆರಂಭವಾದುದು ಅಲ್ಲಿಯೇ.