ಮರಳಿನ ಪಾತ್ರೆಯ ಕೇಕು

ಕಲ್ಯಾಣ ನಗರದ ನಮ್ಮ ಅಡುಗೆಮನೆಯ ಕೇಕಿನ ಮೇಲೆ ದಂಡಿನ (ಕಂಟೋನ್ಮೆಂಟಿನ) ಋಣವಿದೆ. 1809ರಲ್ಲಿ ಬ್ರಿಟಿಷ್ ಸೈನ್ಯ ಬೆಂಗಳೂರಿನಲ್ಲಿ ನೆಲೆಯೂರಿತು. ಅದರ ಹಿಂದೆಯೇ ಬ್ರೆಡ್ಡಿನ ಭಟ್ಟಿಗಳೂ ಬಂದವು. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರದು. ಕ್ರಿಸ್‌ಮಸ್ ಹತ್ತಿರವಾದರೆ ದಂಡಿನ ಎಷ್ಟೋ ಮನೆಯವರು ಹಿಟ್ಟು ಕಲಸಿ, ನೆರೆಯ ಬೇಕರಿಯ ಭಟ್ಟಿಯಲ್ಲಿ ಬೇಯಿಸಿಕೊಂಡು ಬರುತ್ತಿದ್ದರು. ನಮ್ಮತ್ತೆಯವರಿಗೆ ಓವನ್ ಕೊಳ್ಳುವ ಅನುಕೂಲವಿರಲಿಲ್ಲ. ದಪ್ಪತಳದ ಪಾತ್ರೆಗೆ ಮರಳು ಹಾಕಿ ಕಾಯಿಸಿ, ಕೇಕಿನ ಡಬರಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರವುತ್ತಿದ್ದರು. ಈಗ ಸಂಬಳ ಬಂದ ದಿನವೇ ನಾನು ಹಾಲು, ದಿನಸಿ, ಕರೆಂಟು ಬಿಲ್ಲಿನ ಜೊತೆಗೆ ಕೇಕಿನ ಬೆಣ್ಣೆಗೂ ದುಡ್ಡು ತೆಗೆದಿಡುತ್ತೇನೆ. ಒಣದ್ರಾಕ್ಷಿ, ಗೋಡಂಬಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತೇನೆ. ನಿಮ್ಮ ಮನೆಯ ಹಿರಿಯರ ಅಡುಗೆಯ ಅಳತೆಗಳನ್ನೂ ಹಳೇ ಲೆಕ್ಕದ ಪುಸ್ತಕಗಳನ್ನೂ ದಯವಿಟ್ಟು ಕಾಪಾಡಿ. ಈ ಊರಿನ ಚರಿತ್ರೆ ಅವುಗಳಲ್ಲೂ ಇದೆ.