ಮೈದಾನದ ಒಡೆಯನೂ ಮೇಜಿನ ಮೇಲಿನ ಟ್ಯಾಂಕೂ

ಅಂಗೈಯಲ್ಲಿ ಕೂರುವಷ್ಟು ಟ್ಯಾಂಕು, ಗೇಣುದ್ದದ ಯುದ್ಧವಿಮಾನ. ಲೋಹದ ಎರಕದಲ್ಲಿ ತಯಾರಾಗುವ ಇಂಥ ಮಾದರಿಗಳಿಗೆ ಈಗ ಜಗತ್ತಿನಾದ್ಯಂತ ಮಾರುಕಟ್ಟೆಯಿದೆ. ಇಂಗ್ಲೆಂಡಿನ ಕಾರ್ಗಿ, ಹಾಂಗ್‌ಕಾಂಗಿನ ಹಾಬಿ ಮಾಸ್ಟರ್ ಮೊದಲಾದ ಕಂಪನಿಗಳು ಆಗಾಗ ಹೊಸ ಮಾದರಿಗಳ ಪಟ್ಟಿ ಹೊರಡಿಸುತ್ತವೆ. ಯಾವ ದೇಶದ ಪಡೆ, ಯಾವ ವರ್ಷ, ಬಾಲದ ಮೇಲಿನ ಸಂಖ್ಯೆ ಯಾವುದು ಎಂಬುದನ್ನೆಲ್ಲ ನೋಡಿಯೇ ಸಂಗ್ರಾಹಕರು ಹಣ ಬಿಚ್ಚುತ್ತಾರೆ. ಇವು ಮಕ್ಕಳ ಆಟಿಕೆಗಳಲ್ಲ. ಕೊಳ್ಳುವವರು ಬಹುಪಾಲು ದೊಡ್ಡವರೇ. ಒಂದೊಂದರ ಬೆಲೆ ನಮ್ಮ ರೂಪಾಯಿ ಲೆಕ್ಕದಲ್ಲಿ ಹಲವು ಸಾವಿರ.

ಈ ಬೆಲೆಯ ಪಕ್ಕದಲ್ಲಿ ಇನ್ನೊಂದು ಬೆಲೆಯನ್ನಿಟ್ಟು ನೋಡಬೇಕು. 1854ರಲ್ಲಿ ಅಂದಿನ ಬಿಜಾಪುರದಲ್ಲಿ, ಸುಮಾರು 55 ಟನ್ ತೂಕದ ನಿಜವಾದ ತೋಪೊಂದು ಲಿಲಾವಿಗೆ ಬಂದಿತ್ತು. ಕೂಗಿದವರಲ್ಲಿ ಅತಿ ಹೆಚ್ಚಿನ ಬೆಲೆ ಹೇಳಿದವನ ಮೊತ್ತ 150 ರೂಪಾಯಿ! ಆ ತೋಪು ಮಲಿಕ್-ಎ-ಮೈದಾನ್, ಅಂದರೆ ಮೈದಾನದ ಒಡೆಯ. ಯುದ್ಧದ ಉಪಕರಣವೊಂದು ಕೆಲಸ ಕಳೆದುಕೊಂಡ ಮೇಲೆ ಅದರ ಗತಿಯೇನು? ಕುಲುಮೆಗೆ ಹೋಗುವುದು ಯಾವುದು, ಉಳಿಯುವುದು ಯಾವುದು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನ ವಿಜಯಪುರಕ್ಕೆ ಹೋದಾಗಲೆಲ್ಲ ನೋಡಿ ಬರುವ ಈ ತೋಪಿನ ಕತೆಯಲ್ಲಿ ಆ ಪ್ರಶ್ನೆಗೆ ಒಂದು ಉತ್ತರವಿದೆ.

ಒಡೆದ ಅಚ್ಚು

ಮಲಿಕ್-ಎ-ಮೈದಾನ್ ವಿಜಯಪುರದಲ್ಲಿ ಹುಟ್ಟಿದ್ದಲ್ಲ. ನಿಜಾಮಶಾಹಿ ಅರಸರ ಅಹ್ಮದನಗರದಲ್ಲಿ, 1549ರಲ್ಲಿ ಮಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ಕುಶಲಿ ಇದನ್ನು ಎರಕ ಹೊಯ್ದ. ‘ರೂಮಿ’ ಎಂಬ ಹೆಸರೇ ಅವನ ಮೂಲ ತುರ್ಕರ ನಾಡೆಂದು ಸೂಚಿಸುತ್ತದೆ. ತೋಪಿನ ಉದ್ದ 14 ಅಡಿಗೂ ಹೆಚ್ಚು. ಬಾಯಿಯ ಒಳ ವ್ಯಾಸ 2 ಅಡಿ 4 ಅಂಗುಲ. ಲೋಹ ಗಂಟೆಗೆ ಬಳಸುವಂಥದು: ಸುಮಾರು ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ತಟ್ಟಿದರೆ ನಾದ ಹೊರಡುವುದು ಅದಕ್ಕೇ. ತೋಪಿನ ಮೂತಿಯನ್ನು ಬಾಯ್ದೆರೆದ ಸಿಂಹದಂತೆ ರೂಪಿಸಿ, ಅದರ ದವಡೆಗಳ ನಡುವೆ ಆನೆಯೊಂದು ನುಚ್ಚಾಗುತ್ತಿರುವಂತೆ ಕಂಡರಿಸಲಾಗಿದೆ.

ಅದೇ ಊರಿನ ಉಪ್ಪಲಿ ಬುರುಜಿನ ಮೇಲಿರುವ ಮೂವತ್ತು ಅಡಿ ಉದ್ದದ ತೋಪನ್ನು ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ. ಅದು ಕಮ್ಮಾರರ ಕೆಲಸ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆಗಳನ್ನು ಬಿಗಿದು ಬೆಸೆದದ್ದು. ಮಲಿಕ್-ಎ-ಮೈದಾನ್ ಎರಕದ ಕೆಲಸ. ಇಂಥ ತೋಪಿಗೆ ಮಣ್ಣಿನ ಅಚ್ಚು ಮಾಡಿ, ನಡುವೆ ತಿರುಳು ನಿಲ್ಲಿಸಿ, ಕರಗಿದ ಲೋಹವನ್ನು ಎಡೆಬಿಡದೆ ಹೊಯ್ಯಬೇಕು. ಹೊಯ್ಯುವುದು ನಡುವೆ ನಿಂತರೆ ತೋಪಿನಲ್ಲಿ ಸೀಳು ಉಳಿಯುತ್ತದೆ. ಸೀಳಿದ ತೋಪು ವೈರಿಗಿಂತ ಮೊದಲು ತನ್ನವರನ್ನೇ ಕೊಲ್ಲುತ್ತದೆ. ಲೋಹ ಆರಿದ ಮೇಲೆ ಅಚ್ಚನ್ನು ಒಡೆದೇ ತೋಪನ್ನು ಹೊರತೆಗೆಯಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ತೋಪು.

ತಂಗಡಗಿಯಿಂದ ಶೇರ್ಜಾ ಬುರುಜಿಗೆ

1565ರ ಜನವರಿ 23ರಂದು ವಿಜಯನಗರದ ಸೇನೆಯೂ ದಖ್ಖನಿನ ಸುಲ್ತಾನರ ಕೂಟವೂ ಎದುರುಬದುರಾದ ಕಾಳಗವನ್ನು ನಾವು ತಾಳಿಕೋಟೆಯ ಕದನ ಎನ್ನುತ್ತೇವೆ, ರಕ್ಕಸಗಿ–ತಂಗಡಗಿ ಕದನ ಎಂದೂ ಕರೆಯುತ್ತೇವೆ. ತಂಗಡಗಿ ಇರುವುದು ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣೆಯ ದಡದಲ್ಲಿ. ಬಸವಣ್ಣನವರ ಪತ್ನಿ ನೀಲಾಂಬಿಕೆ ಐಕ್ಯಳಾದ ಸ್ಥಳವೆಂದು ಶರಣರ ಭಕ್ತರು ಇಂದಿಗೂ ಹೋಗುವ ಊರು ಅದು. ಅಂಥ ಊರಿನ ಹೆಸರಿಗೆ ಒಂದು ಮಹಾಯುದ್ಧದ ಹೆಸರೂ ಅಂಟಿಕೊಂಡಿತು.

ಆ ದಿನ ಅಹ್ಮದನಗರದ ಫಿರಂಗಿದಳ ಸುಲ್ತಾನರ ಸೇನೆಯ ನಡುವೆ ಇತ್ತು. ಆರುನೂರು ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಲಾಗಿತ್ತೆಂದೂ, ವಿಜಯನಗರದ ಪಡೆ ಸಮೀಪಕ್ಕೆ ಬಂದಾಗ ಗುಂಡಿನ ಬದಲು ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಲಾಯಿತೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಸಂತೆಯಲ್ಲಿ ಜೋಳ ಕೊಳ್ಳುವ ಕಾಸು ಅಲ್ಲಿ ಪ್ರಾಣ ತೆಗೆಯಿತು. ಆ ಸಾಲಿನಲ್ಲಿ ಮಲಿಕ್-ಎ-ಮೈದಾನವೂ ಇತ್ತೆಂಬುದು ಜನರ ಬಾಯಲ್ಲಿ ಉಳಿದು ಬಂದ ಮಾತು.

ಮುಂದೆ ಪರಾಂಡೆಯ ಕೋಟೆಯಲ್ಲಿದ್ದ ತೋಪನ್ನು 1632ರಲ್ಲಿ ಆದಿಲಶಾಹಿಯವರು ಯುದ್ಧದ ಕೊಳ್ಳೆಯಾಗಿ ತಂದರು. ಪರಾಂಡೆಯಿಂದ ವಿಜಯಪುರಕ್ಕೆ ಬರಲು ಭೀಮಾ ನದಿಯನ್ನು ದಾಟಲೇಬೇಕು. ಇಂದಿನ ಲಾರಿ, ಕ್ರೇನುಗಳಿಲ್ಲದ ಕಾಲದಲ್ಲಿ 55 ಟನ್ ಲೋಹವನ್ನು ಎಳೆದು ತಂದವರು ಎತ್ತುಗಳು, ಆನೆಗಳು, ಆಳುಗಳು. ನಂತರ ಎರಡನೆಯ ಅಲಿ ಆದಿಲಶಹಾನ ಕಾಲದಲ್ಲಿ, 1671ರಲ್ಲಿ ಕಟ್ಟಿದ ಶೇರ್ಜಾ ಬುರುಜು ಅದರ ನೆಲೆಯಾಯಿತು. 1686ರಲ್ಲಿ ಊರನ್ನು ಗೆದ್ದ ಔರಂಗಜೇಬನೂ ತೋಪನ್ನು ಕರಗಿಸಲಿಲ್ಲ. ಅದರ ಮೈಮೇಲೆ ತನ್ನ ವಿಜಯದ ಶಾಸನವನ್ನು ಕೆತ್ತಿಸಿದ. ಗೆದ್ದವರೆಲ್ಲ ತಮ್ಮ ಹೆಸರು ಬರೆಯಲು ಬಳಸಿಕೊಂಡ ಹಲಗೆಯಂತೆ ಆಯಿತು ಅದು.

ಬ್ರಿಟಿಷರ ಕಾಲಕ್ಕೆ ಅದು ಬೇಡದ ಹಳೆಯ ಸಾಮಾನು. ಇಂಗ್ಲೆಂಡಿಗೆ ಸಾಗಿಸುವ ಯೋಚನೆ ಒಮ್ಮೆ ನಡೆದರೂ ಆ ತೂಕವನ್ನು ಹೊರುವ ರಸ್ತೆಗಳಿರಲಿಲ್ಲ. 1854ರಲ್ಲಿ ಸಾತಾರೆಯ ಕಮಿಷನರರ ಆಜ್ಞೆಯಂತೆ ನಿರುಪಯುಕ್ತ ಸಾಮಾನುಗಳ ಜೊತೆಗೆ ಇದನ್ನೂ ಲಿಲಾವಿಗೆ ಇಟ್ಟರು. ಬಂದದ್ದು 150 ರೂಪಾಯಿಯ ಸವಾಲು. ಸ್ಥಳೀಯ ಮಾಮಲೇದಾರರಿಗೆ ಇದು ಸರಿಕಾಣಲಿಲ್ಲ. ಬೆಲೆ ತೀರ ಕಡಿಮೆ, ಮೇಲಾಗಿ ಜನರಿಗೆ ಈ ತೋಪಿನ ಮೇಲೆ ಗೌರವವಿದೆ ಎಂದು ಅವರು ಮೇಲಿನವರಿಗೆ ತಿಳಿಸಿದರು. ಮಾರಾಟ ರದ್ದಾಯಿತು. ಇಂದು ನಾವು ನೋಡುತ್ತಿರುವ ಮಲಿಕ್-ಎ-ಮೈದಾನ್ ಉಳಿದದ್ದು ಬಾದಶಹರ ಫರ್ಮಾನಿನಿಂದಲ್ಲ, ಒಂದು ಕಚೇರಿಯ ಕಾಗದದಿಂದ; ಆ ಕಾಗದದ ಹಿಂದಿದ್ದ ಜನರ ಅಭಿಮಾನದಿಂದ.

ಒಡೆಯದ ಅಚ್ಚು

ಈಗ ಮತ್ತೆ ಮೇಜಿನ ಮೇಲಿನ ಟ್ಯಾಂಕಿಗೆ ಬರೋಣ. ಅದೂ ಎರಕವೇ, ಆದರೆ ಅಚ್ಚು ಉಕ್ಕಿನದು. ಕರಗಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ಅದರೊಳಗೆ ನುಗ್ಗಿಸಿದರೆ ಕ್ಷಣಮಾತ್ರದಲ್ಲಿ ಗಟ್ಟಿಯಾಗುತ್ತದೆ. ಅಚ್ಚು ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಒಂದೇ ಅಚ್ಚಿನಿಂದ ಸಾವಿರಾರು ಪ್ರತಿಗಳು.

ಈ ವಿದ್ಯೆಗೂ ಪತ್ರಿಕೆಗಳಿಗೂ ನಂಟುಂಟು. ಕನ್ನಡದಲ್ಲಿ ಎರಕಕ್ಕೂ ಮುದ್ರಣಕ್ಕೂ ‘ಅಚ್ಚು’ ಎಂಬ ಒಂದೇ ಮಾತಿರುವುದು ಸುಮ್ಮನೆ ಅಲ್ಲ. ಕಾದ ಲೋಹದಿಂದ ಅಕ್ಷರದ ಸಾಲುಗಳನ್ನು ಎರಕ ಹೊಯ್ಯುವ ಲೈನೋಟೈಪ್ ಯಂತ್ರವನ್ನು 1893ರ ಶಿಕಾಗೋ ಮೇಳದಲ್ಲಿ ಕಂಡ ಡೌಸ್ಟ್ ಎಂಬ ಅಮೆರಿಕನ್ನರು, ಅದೇ ಉಪಾಯದಿಂದ ಚಿಕ್ಕ ಲೋಹದ ವಸ್ತುಗಳನ್ನು ಮಾಡತೊಡಗಿದರು. ಮುಂದೆ ಅವರ ಆಟಿಕೆಗಳು ಹೆಸರಾದವು. 1933ರಲ್ಲಿ ಲಿವರ್‌ಪೂಲಿನ ಮೆಕಾನೊ ಕಂಪನಿ ಆರು ವಾಹನಗಳ ಕಟ್ಟೊಂದನ್ನು ಹೊರತಂದಿತು. ಮರುವರ್ಷ ಡಿಂಕಿ ಎಂಬ ಹೆಸರು ಪಡೆದ ಆ ಸಾಲಿನ ಮೊದಲ ಆರರಲ್ಲೇ ಒಂದು ಟ್ಯಾಂಕು ಇತ್ತು.

ಆರೇ ವರ್ಷಕ್ಕೆ ನಿಜವಾದ ಯುದ್ಧ ಬಂತು. ಲೋಹ ಶಸ್ತ್ರಗಳಿಗೆ ಬೇಕಾದ್ದರಿಂದ ಬ್ರಿಟನ್ ಸರ್ಕಾರ ಲೋಹದ ಆಟಿಕೆಗಳ ತಯಾರಿಕೆಯನ್ನೇ ನಿಲ್ಲಿಸಿತು. ಟ್ಯಾಂಕಿನ ಗೊಂಬೆ ಹೋಗಿ ಟ್ಯಾಂಕೇ ತಯಾರಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಗೊಂಬೆ ಬಂತು. ಡಿಂಕಿಯ ಕೆಲವು ಹಳೆಯ ಅಚ್ಚುಗಳು 1960ರ ದಶಕದ ಕೊನೆಯ ವೇಳೆಗೆ ಕಲ್ಕತ್ತೆಗೆ ಬಂದು, ‘ನಿಕಿ’ ಎಂಬ ಹೆಸರಿನಲ್ಲಿ ಭಾರತದ ಮಕ್ಕಳ ಕೈ ಸೇರಿದವು. ಒಡೆಯದ ಅಚ್ಚಿಗೆ ಇಂಥ ಎರಡನೆಯ ಜನ್ಮವೂ ಸಾಧ್ಯ.

ಆದರೆ ಅಚ್ಚು ಒಡೆಯದಿದ್ದರೂ ಗೊಂಬೆ ಒಡೆಯಬಹುದು. ಸತುವಿನಲ್ಲಿ ಸೀಸದ ಅಂಶ ತುಸು ಬೆರೆತಿದ್ದರೂ ಕಾಲಾಂತರದಲ್ಲಿ ಲೋಹ ಬಿರುಕು ಬಿಟ್ಟು ಪುಡಿಯಾಗುತ್ತದೆ. ಯುದ್ಧಪೂರ್ವದ ಎಷ್ಟೋ ಮಾದರಿಗಳು ಪೆಟ್ಟಿಗೆಯಲ್ಲೇ ಹೀಗೆ ಹಾಳಾಗಿವೆ. ಅತ್ತ 1549ರ ಎರಕ ಇಂದಿಗೂ ಬಿಸಿಲು ಮಳೆಗೆ ಜಗ್ಗದೆ ಕೂತಿದೆ.

ಎಪ್ಪತ್ತೆರಡರಲ್ಲಿ ಒಂದು

ಸಂಗ್ರಾಹಕರ ವಿಮಾನಗಳಲ್ಲಿ ಹೆಚ್ಚಿನವು 1:72ರ ಅಳತೆಯವು. ಆರು ಅಡಿಯೆಂದರೆ 72 ಅಂಗುಲ. ಆರಡಿಯ ಆಳು ಈ ಲೆಕ್ಕದಲ್ಲಿ ಒಂದು ಅಂಗುಲವಾಗುತ್ತಾನೆ. ಮಲಿಕ್-ಎ-ಮೈದಾನವನ್ನು ಇದೇ ಅಳತೆಗೆ ಇಳಿಸಿದರೆ ಉದ್ದ ಎರಡೂವರೆ ಅಂಗುಲವನ್ನೂ ಮುಟ್ಟದು. ತೂಕವಂತೂ ಉದ್ದ, ಅಗಲ, ಎತ್ತರ ಮೂರರಲ್ಲೂ ಇಳಿಯುವುದರಿಂದ, ಅದೇ ಲೋಹದಲ್ಲಿ ಮಾಡಿದರೂ 150 ಗ್ರಾಂ ಆಸುಪಾಸು ಆದೀತು. 55 ಟನ್ನಿನ ಜಾಗದಲ್ಲಿ ಒಂದೂವರೆ ನೂರು ಗ್ರಾಂ!

ಅಳತೆ ಇಳಿದಾಗ ಇಳಿಯುವುದು ತೂಕವೊಂದೇ ಅಲ್ಲ. ಭೀಮೆಯ ಮರಳಿನಲ್ಲಿ ಹಗ್ಗ ಎಳೆದವರ ಬೆವರು ಅಲ್ಲಿಲ್ಲ, ತಂಗಡಗಿಯ ಬಯಲಲ್ಲಿ ಕಾಸಿನ ಪೆಟ್ಟಿಗೆ ಬಿದ್ದವರೂ ಇಲ್ಲ. ಮಾದರಿಯ ಪೆಟ್ಟಿಗೆಯ ಮೇಲೆ ಯಂತ್ರದ ಹೆಸರು, ಪಡೆಯ ಹೆಸರು ಇರುತ್ತದೆ; ಅದರೆದುರು ನಿಂತವರ ಹೆಸರು ಇರುವುದಿಲ್ಲ. ಇದು ಸಂಗ್ರಾಹಕರ ಮೇಲಿನ ದೂರಲ್ಲ. ಬಣ್ಣ, ಸಂಖ್ಯೆ, ವರ್ಷಗಳನ್ನು ಅವರಷ್ಟು ಶ್ರದ್ಧೆಯಿಂದ ನೆನಪಿಡುವವರು ಕಡಿಮೆ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಮಾರುತ್ ಯುದ್ಧವಿಮಾನ 1961ರಲ್ಲಿ ಮೊದಲು ಹಾರಿತು, 1971ರ ಯುದ್ಧದಲ್ಲಿ ಹೋರಾಡಿತು. ಇಂದು ಅದನ್ನು ನೋಡಬೇಕಾದರೆ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು. ಅಲ್ಲಿಗೆ ಹೋಗಲಾರದವನಿಗೆ ಮಾದರಿಯೂ ಒಂದು ಪಾಠವೇ.

ಮಾದರಿ ಮಾಡುವುದು ನಮ್ಮ ಜನರಿಗೆ ಹೊಸದೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಎರೆಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಬಸವನ ಬಾಗೇವಾಡಿಯ ಹೆಸರಲ್ಲೇ ಎತ್ತಿದೆ. ಆ ಮಣ್ಣೆತ್ತಿಗೆ ಅಚ್ಚಿಲ್ಲ, ಬೆಲೆಯಿಲ್ಲ. ಪೂಜೆ ಮುಗಿದ ಮೇಲೆ ನೀರಿಗೆ ಕರಗಿ ಮತ್ತೆ ಹೊಲದ ಮಣ್ಣಾಗುತ್ತದೆ. ಅದನ್ನು ಮಾಡುವ ಮನೆಗೆ ಕೊಟ್ಟಿಗೆಯಲ್ಲಿ ನಿಂತ ನಿಜವಾದ ಎತ್ತಿನ ದುಡಿಮೆ ಗೊತ್ತು. ಲೋಹದ ಟ್ಯಾಂಕನ್ನು ಮೇಜಿನ ಮೇಲೆ ಇಡುವವರೂ ಅದರ ಹಿಂದಿನ ನಿಜವನ್ನು ಅಷ್ಟೇ ತಿಳಿದಿಟ್ಟರೆ, ಆ ಸಂಗ್ರಹ ಬರಿಯ ಸಾಮಾನಾಗದೆ ಇತಿಹಾಸವಾದೀತು. ವಿಜಯಪುರಕ್ಕೆ ಹೋದಾಗ ಶೇರ್ಜಾ ಬುರುಜಿನ ಮೆಟ್ಟಿಲು ಹತ್ತುವ ಮಕ್ಕಳಿಗೆ ಸಿಂಹದ ಬಾಯಿಯನ್ನು ತೋರಿಸುವುದರ ಜೊತೆಗೆ, ತಂಗಡಗಿಯ ಬಯಲನ್ನೂ 150 ರೂಪಾಯಿಯ ಲಿಲಾವನ್ನೂ ಹೇಳಬೇಕು.