ಕಾಗದದ ಎಕರೆ, ಕಾಲುವೆಯ ಕೊನೆ: ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಆಡಳಿತದ ಅಳತೆಗೋಲು

ಗಜೇಂದ್ರಗಡ ತಾಲೂಕಿನ ಸೂಡಿಗೆ ಹೋದವರು ನಾಗಕುಂಡದ ಮೆಟ್ಟಿಲಿಳಿದು, ಜೋಡುಕಳಸದ ಗುಡಿ ನೋಡಿ, ಫೋಟೊ ತೆಗೆದುಕೊಂಡು ಮರಳುತ್ತಾರೆ. ಅಲ್ಲಿಯ ಶಾಸನಗಳ ಕಡೆ ಹೊರಳುವವರು ಕಡಿಮೆ. 11ನೆಯ ಶತಮಾನದ ನಡುಭಾಗದಲ್ಲಿ ಈ ಊರು ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣ. ಆಳುತ್ತಿದ್ದವಳು ಕಲ್ಯಾಣ ಚಾಲುಕ್ಯ ಮನೆತನದ ಅಕ್ಕಾದೇವಿ, ಎರಡನೆಯ ಜಯಸಿಂಹನ ಒಡಹುಟ್ಟಿದವಳು. ಚೋಳರೊಡನೆ ನಡೆದ ಕಾಳಗದ ಗದ್ದಲದಲ್ಲಿ ಊರಿನ ಕಟ್ಟುಪಾಡು ಹದಗೆಟ್ಟಿತ್ತು. ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಅದನ್ನು ಹೊಸದಾಗಿ ಕಟ್ಟಿಕೊಟ್ಟ ಸಂಗತಿ 1050ರ ಹೊತ್ತಿನ ಒಂದು ಶಾಸನದಲ್ಲಿದೆ.

ಇದನ್ನು ಪ್ರಜಾಪ್ರಭುತ್ವದ ಬೀಜವೆಂದು ಹಿಗ್ಗುವುದು ಅತಿಯಾದೀತು. ಆದರೆ ಒಂದು ಮಾತು ನಿಜ. ಅರಮನೆಗೂ ಊರಿಗೂ ನಡುವಿನ ಕರಾರು ಎರಡೂ ಕಡೆಯವರ ಕಣ್ಣಿಗೆ ಬೀಳುವಂತೆ ಕಲ್ಲಿನ ಮೇಲಿತ್ತು. ಮುಂದಿನ ಒಂಬೈನೂರೆಪ್ಪತ್ತು ವರ್ಷಗಳಲ್ಲಿ ಈ ಸೀಮೆಗೆ ಬಂದ ಆಡಳಿತದ ಒಂದೊಂದು ಹೊಸ ಪದ್ಧತಿಯೂ ಒಂದೊಂದು ಹೊಸ ಅಳತೆಯನ್ನು ಹೊತ್ತು ತಂದಿತು. ಜಗಳ ಎದ್ದದ್ದೆಲ್ಲ ಒಂದೇ ಜಾಗದಲ್ಲಿ: ಅಳೆಯುವವರು ತಮ್ಮ ಕೆಲಸವನ್ನು ಅಳೆದುಕೊಂಡು, ಹೊಲಕ್ಕೆ ಮುಟ್ಟಿದ್ದೆಷ್ಟು ಎಂಬುದನ್ನು ಲೆಕ್ಕದಿಂದ ಬಿಟ್ಟಾಗ.

ನರಗುಂದದ ಕೋಟೆಯ ಕಥೆ ಶುರುವಾಗುವುದೂ ವಸೂಲಿಯಿಂದಲೇ. ಹೈದರನಿಗೆ ಗೊತ್ತುಪಡಿಸಿದ ಕಪ್ಪ ಕೊಡುತ್ತ ಭಾವೆ ಮನೆತನದ ವೆಂಕಟರಾವ್ ಸಂಸ್ಥಾನ ಉಳಿಸಿಕೊಂಡಿದ್ದ. ಟಿಪ್ಪು ಆ ಮೊತ್ತವನ್ನು ಏರಿಸಿದ. ಪುಣೆಯ ಮರಾಠರು ಹಳೆಯ ದರವೇ ಸರಿಯೆಂದರು. 1785ರಲ್ಲಿ ಮುತ್ತಿಗೆ ಬಿದ್ದು ಕೋಟೆ ಶರಣಾಯಿತು. ಅಲ್ಲಿಂದ ಹೊತ್ತಿಕೊಂಡ ಮರಾಠಾ–ಮೈಸೂರು ಯುದ್ಧ 1787ರ ಏಪ್ರಿಲಿನಲ್ಲಿ ಗಜೇಂದ್ರಗಡದ ಒಪ್ಪಂದದೊಂದಿಗೆ ಮುಗಿದು, ನರಗುಂದ ಮರಾಠರ ಪಾಲಿಗೆ ಮರಳಿತು. ಒಂದು ಸಂಸ್ಥಾನದ ವಾರ್ಷಿಕ ಕಪ್ಪ ಎಷ್ಟಿರಬೇಕೆಂಬ ತಕರಾರು ಎರಡು ದೊಡ್ಡ ಸೈನ್ಯಗಳನ್ನು ಬಯಲಿಗೆಳೆದಿತ್ತು.

ಬ್ರಿಟಿಷರ ಅಳತೆ ಬೇರೆ ಬಗೆಯದು. ಧಾರವಾಡ ಸೀಮೆಯಲ್ಲಿ ಜಾರ್ಜ್ ವಿಂಗೇಟ್ 1840ರ ದಶಕದಲ್ಲಿ ನಡೆಸಿದ ಸರ್ವೆ ಆ ಕಾಲಕ್ಕೆ ದೊಡ್ಡ ಹೊಸತನ. ಊರಿಗೆ ಒಟ್ಟಾಗಿ ಕಂದಾಯ ಹೇರುವ ಬದಲು ಒಂದೊಂದು ಹೊಲಕ್ಕೂ ನಂಬರು ಕೊಟ್ಟು, ಗಡಿಗೆ ಬಾಂದುಕಲ್ಲು ನೆಟ್ಟು, ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ಆಣೆಗಳಲ್ಲಿ ಅಂಕ ಹಾಕಿದರು. ಎರಿ (ಕಪ್ಪುಮಣ್ಣಿನ) ಹೊಲಕ್ಕೆ ಒಂದು ದರ, ಕೆಂಪು ಮಸಾರಿಗೆ ಇನ್ನೊಂದು. ದರ ಮೂವತ್ತು ವರ್ಷ ಬದಲಾಗದು ಎಂಬ ಭರವಸೆಯೂ ಜೊತೆಗಿತ್ತು. ಮಳೆ ಬಂತೋ ಇಲ್ಲವೋ ಎಂಬುದಕ್ಕೆ ಮಾತ್ರ ಆ ದಫ್ತರದಲ್ಲಿ ಕಾಲಮು ಇರಲಿಲ್ಲ. ಮಣ್ಣನ್ನು ಅಷ್ಟು ಸೂಕ್ಷ್ಮವಾಗಿ ಅಳೆದವರು ಮೋಡವನ್ನು ಸರಾಸರಿಗೆ ಬಿಟ್ಟರು.

ಅದೇ ದಫ್ತರಿ ಶಿಸ್ತು ಇನಾಮುಗಳ ಮೇಲೆ ಬಿದ್ದಾಗ ಪರಿಣಾಮ ಬೇರೆಯಾಯಿತು. 1852ರ ಕಾಯ್ದೆಯಿಂದ ಬಲ ಪಡೆದ ಇನಾಮ್ ಕಮಿಷನ್ ಮನೆಮನೆಗೂ ಸನದು ಕೇಳಿತು. ನರಗುಂದದ ಭಾಸ್ಕರರಾವ್, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತು ತೆಗೆದುಕೊಳ್ಳಲು ಕೇಳಿದ ಅನುಮತಿ ತಿರಸ್ಕೃತವಾಯಿತು. ಅವನು ಬಂಡೆದ್ದ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಕೊಲೆಯಾದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಹಿಂದೆ ಇದೇ ಇನಾಮ್ ತನಿಖೆಯಲ್ಲಿ ದುಡಿದವನು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಸಂಸ್ಥಾನ ಬ್ರಿಟಿಷರ ವಶವಾಯಿತು.

ಇಷ್ಟರವರೆಗಿನ ಅಳತೆಗಳೆಲ್ಲ ಮೇಲಿನಿಂದ ಇಳಿದವು. ಕೆಳಗಿನಿಂದ ಎದ್ದದ್ದು ಪಕ್ಕದ ಗದಗ ತಾಲೂಕಿನ ಕಣಗಿನಹಾಳದಲ್ಲಿ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಸಂಘವೆಂಬ ಹೆಮ್ಮೆ ಊರಿಗಿದೆ. ಆದರೆ ಮೊದಲನೆಯದೆಂಬ ಪಟ್ಟಕ್ಕಿಂತ ಅದರ ಒಳಗಿನ ಕಟ್ಟು ಹೆಚ್ಚು ಕುತೂಹಲದ್ದು. ಆ ಕಾಯ್ದೆಯ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ: ಸಂಘ ಮುಳುಗಿದರೆ ಒಬ್ಬನ ಸಾಲಕ್ಕೆ ಉಳಿದವರೆಲ್ಲರ ಆಸ್ತಿ ಹೊಣೆ. ಹೀಗಾಗಿ ಸಾಲ ಕೇಳಿದವನು ಎತ್ತು ಕೊಂಡನೋ, ಆ ದುಡ್ಡನ್ನು ಮದುವೆಗೆ ಸುರಿದನೋ ಎಂದು ನೋಡಲು ಸಾಹೇಬರು ಬರಬೇಕಿರಲಿಲ್ಲ. ಮಗ್ಗುಲ ಹೊಲದವನೇ ನೋಡುತ್ತಿದ್ದ. ಕೆಲಸದ ಗುಣಮಟ್ಟ ಕಾಯಲು ಆಡಳಿತ ಶಾಸ್ತ್ರ ಈಗ ಏನೇನೋ ಹೆಸರಿನ ತಂತ್ರ ಹುಡುಕುತ್ತಿದೆ. ಕಣಗಿನಹಾಳದಲ್ಲಿ ಅಳೆಯುವವನೂ ಅಳತೆಗೆ ಸಿಗುವವನೂ ಒಂದೇ ಕಟ್ಟೆಯ ಮೇಲೆ ಕೂತಿದ್ದರು.

ಮಲಪ್ರಭಾ ಯೋಜನೆಯಲ್ಲಿ ಆ ಕಟ್ಟೆ ಇರಲಿಲ್ಲ. ಸವದತ್ತಿ ಹತ್ತಿರ ನವಿಲುತೀರ್ಥದ ಕಣಿವೆಯಲ್ಲಿ ನದಿಗೆ ಅಡ್ಡ ಕಟ್ಟಿದ ಅಣೆಕಟ್ಟು 1970ರ ದಶಕದಲ್ಲಿ ನೀರು ಕೊಡತೊಡಗಿತು. ಜಲಾಶಯದ ಸಾಮರ್ಥ್ಯ 37.73 ಟಿಎಂಸಿ, ಯೋಜಿತ ನೀರಾವರಿ ಎರಡು ಲಕ್ಷ ಹೆಕ್ಟೇರಿಗೂ ಮೇಲೆ. ಬಲದಂಡೆ ಕಾಲುವೆ ನವಲಗುಂದ, ನರಗುಂದ, ರೋಣದ ಎರಿ ಸೀಮೆಗೆ ಬಂತು. ತಲೆಮಾರುಗಳಿಂದ ಬಿಳಿಜೋಳ, ಕಡಲೆ, ಕುಸುಬಿ ಬಿತ್ತಿ, ಹಿಂಗಾರಿಯ ಹಸಿಯಲ್ಲಿ ಬೆಳೆ ತೆಗೆದವರ ಎದುರು ಒಮ್ಮೆಲೇ ಎರಡು ಹೊಸತು ನಿಂತವು. ಒಂದು ಕಾಲುವೆ, ಇನ್ನೊಂದು ವರಲಕ್ಷ್ಮಿ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರಕಿ ಅವರು ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ತಯಾರಿಸಿ 1972ರಲ್ಲಿ ಹೊರತಂದ ಹತ್ತಿ ಅದು. ಎಳೆ ಉದ್ದ, ಪೇಟೆಯಲ್ಲಿ ಬೆಲೆ ಹೆಚ್ಚು. ಅದಕ್ಕೆ ನೀರು, ಗೊಬ್ಬರ, ಎಣ್ಣೆಯ ಖರ್ಚೂ ಹೆಚ್ಚು. (ಇಲ್ಲಿಯ ರೈತರ ಮಾತಿನಲ್ಲಿ ಎಣ್ಣೆ ಎಂದರೆ ಕೀಟನಾಶಕ.)

ಸರ್ಕಾರ ತನ್ನ ಯಶಸ್ಸನ್ನು ಅಚ್ಚುಕಟ್ಟು ಎಕರೆಗಳಲ್ಲಿ ಎಣಿಸಿತು. ನಕಾಶೆಯಲ್ಲಿ ಕಾಲುವೆಯ ಕೆಳಗೆ ಬಿದ್ದ ಹೊಲವೆಲ್ಲ ನೀರಾವರಿ ಹೊಲ. ಅಲ್ಲಿಗೆ ಭೂಮಿಯ ಬೆಲೆ ಏರಿದೆ ಎಂಬ ಲೆಕ್ಕದ ಮೇಲೆ ಬೆಟರ್‌ಮೆಂಟ್ ಲೆವಿ. ಅದರ ಮೇಲೆ ನೀರಿನ ಕರ. ವಾಸ್ತವದಲ್ಲಿ ಕಾಲುವೆಯ ತಲೆಯಲ್ಲಿದ್ದವರು ತೂಬು ತೆಗೆದು ಹರಿಸಿಕೊಂಡರೆ ಕೊನೆಯಲ್ಲಿದ್ದವರು ಒಣ ಕಾಲುವೆ ಕಾಯ್ದರು. ಕೆಲವು ಕಡೆ ಹೊಲಗಾಲುವೆಯೇ ಆಗಿರಲಿಲ್ಲ. ನೀರು ಬಂದಲ್ಲಿಯೂ ಸುಖ ಪೂರ್ತಿ ಇರಲಿಲ್ಲ. ನೀರು ಬಸಿಯದ ಎರಿ ಮಣ್ಣು ಕೆಲವೇ ವರ್ಷಗಳಲ್ಲಿ ಸವಳು–ಜವಳಾಗಿ ಬಿಳಿ ಉಪ್ಪು ಕಾರಿತು. ನಕಾಶೆಗೆ ಇವು ಮೂರೂ ಒಂದೇ. ಮೂವರಿಗೂ ನೋಟಿಸು ಒಂದೇ ತೆರನಾಗಿ ಬಂತು. ಅದೇ ಹೊತ್ತಿಗೆ ವರಲಕ್ಷ್ಮಿಯ ಬೆಲೆಯೂ ಕುಸಿಯಿತು.

1980ರಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಮನವಿ ಕೊಟ್ಟರು, ಮೆರವಣಿಗೆ ಮಾಡಿದರು. ಕರ ಕಟ್ಟುವುದಿಲ್ಲವೆಂಬ ಹಟಕ್ಕಿಂತ, ಬಾರದ ನೀರಿಗೆ ಕರ ಯಾಕೆ ಎಂಬ ಪ್ರಶ್ನೆ ಅವರದು. ಜುಲೈ 21ರಂದು ನರಗುಂದದಲ್ಲಿ ಬಂದ್, ತಹಸೀಲ್ದಾರ ಕಚೇರಿಯ ಮುಂದೆ ಜನಸಾಗರ. ತಳ್ಳಾಟ ಗಲಭೆಯಾಯಿತು, ಪೊಲೀಸರು ಗುಂಡು ಹಾರಿಸಿದರು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ನರಗುಂದದಲ್ಲಿಯೂ ಅಳಗವಾಡಿಯ ಬಸಪ್ಪ ಲಕ್ಕುಂಡಿ ನವಲಗುಂದದಲ್ಲಿಯೂ ಪ್ರಾಣ ಕಳೆದುಕೊಂಡರು. ಉದ್ರಿಕ್ತ ಗುಂಪಿನ ಕೈಗೆ ಸಿಕ್ಕು ಪೊಲೀಸರೂ ಸತ್ತರು. ಹುತಾತ್ಮ ದಿನದ ಭಾಷಣಗಳಲ್ಲಿ ಈ ಸಾವು ಹೆಚ್ಚಾಗಿ ಕೇಳಿಬರುವುದಿಲ್ಲ. ಆರ್. ಗುಂಡೂರಾವ್ ಸರ್ಕಾರ ವಸೂಲಿಯ ಬಿಗಿ ಸಡಿಲಿಸಿ ರಿಯಾಯಿತಿ ಘೋಷಿಸಬೇಕಾಯಿತು. ಅಷ್ಟರಲ್ಲಿ ಕಿಡಿ ರಾಜ್ಯವೆಲ್ಲ ಹರಡಿತ್ತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅವರ ಮುಂದಾಳತ್ವದ ರಾಜ್ಯ ರೈತ ಸಂಘ ರೂಪುಗೊಂಡದ್ದು ಆ ಕಾವಿನಲ್ಲಿಯೇ. 1983ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡದ್ದಕ್ಕೆ ನರಗುಂದದ ಗುಂಡೂ ಒಂದು ಕಾರಣವೆಂದು ಆ ಕಾಲದ ರಾಜಕಾರಣ ಬಲ್ಲವರು ಹೇಳುತ್ತಾರೆ.

ನರಗುಂದವನ್ನು ಬರೀ ಬಂಡಾಯದ ಊರೆಂದು ಹೊಗಳಿ ಬಿಡುವುದರಲ್ಲಿ ಒಂದು ತೊಡಕಿದೆ. 1858ಕ್ಕೂ 1980ಕ್ಕೂ ಗಂಟು ಹಾಕಿ ವೀರಗಾಥೆ ಹೇಳಿದರೆ ಲೆಕ್ಕದ ತಪ್ಪು ಮರೆಯಾಗುತ್ತದೆ. 1980ರ ರೈತರು ಎತ್ತಿದ್ದು ಅಪ್ಪಟ ಆಡಳಿತದ ಪ್ರಶ್ನೆ. ಇಲಾಖೆಯ ಸಾಧನೆಯ ವರದಿಗೆ ತೂಬಿನಲ್ಲಿ ಬಿಟ್ಟ ನೀರು ಸಾಕೋ, ಕೊನೆಯ ಹೊಲಕ್ಕೆ ಮುಟ್ಟಿದ ನೀರು ಬೇಕೋ? 2000ದಲ್ಲಿ ನೀರಾವರಿ ಕಾಯ್ದೆಗೆ ತಂದ ತಿದ್ದುಪಡಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿತು. ನೀರನ್ನು ಸಂಘಕ್ಕೆ ಅಳೆದು ಕೊಡುವುದು, ಹಂಚಿಕೆ ಮತ್ತು ಕರ ವಸೂಲಿ ರೈತರೇ ನೋಡಿಕೊಳ್ಳುವುದು ಅದರ ಆಶಯ. ಕಣಗಿನಹಾಳದ ಕಟ್ಟೆ ತೊಂಬತ್ತೈದು ವರ್ಷದ ನಂತರ ಕಾಲುವೆಯ ದಂಡೆಗೆ ಬಂದಂತಾಯಿತು, ಕಾಗದದಲ್ಲಾದರೂ. ಜಲಾಶಯವೇ ಪೂರ್ತಿ ತುಂಬದ ವರ್ಷಗಳಲ್ಲಿ ಸಂಘ ಹಂಚುವುದಾದರೂ ಏನನ್ನು?

ಕಚೇರಿಯೊಳಗಿನ ಅಳತೆಗಳು ಈ ನಡುವೆ ಚುರುಕಾದವು. ಉತಾರ ಬೇಕೆಂದರೆ ತಲಾಠಿಯನ್ನು ಹುಡುಕಿಕೊಂಡು ಊರೂರು ತಿರುಗಬೇಕಿದ್ದ ಕಾಲಕ್ಕೆ ಭೂಮಿ ಯೋಜನೆ ತೆರೆ ಎಳೆಯಿತು. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ರೋಣ, ನರಗುಂದ ಸೇರಿ ಆಗಿನ 177 ತಾಲೂಕುಗಳಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥ ಮಾಡಬೇಕೆಂಬ ನಿಯಮವನ್ನು ತಂತ್ರಾಂಶವೇ ಕಾಯುವಂತೆ ಮಾಡಿದ್ದು ಅದರ ಜಾಣತನ. ಗಡುವಿನೊಳಗೆ ಸೇವೆ ಕೊಡಿಸಲೆಂದು 2012ರ ಏಪ್ರಿಲ್ 2ರಂದು ರಾಜ್ಯವೆಲ್ಲ ಜಾರಿಯಾದ ಸಕಾಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಡವಾದ ಒಂದೊಂದು ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ನೌಕರನಿಂದ ಅರ್ಜಿದಾರನಿಗೆ ಕೊಡಿಸುವ ಏರ್ಪಾಡು ಮಾಡಿತು. ಅರ್ಜಿಗೆ ನಂಬರು, ನಂಬರಿಗೆ ಗಡುವು. ಉತ್ತರ ಬಂದ ದಿನವನ್ನು ಸಕಾಲ ಚೆನ್ನಾಗಿ ಎಣಿಸುತ್ತದೆ. ಆ ಉತ್ತರ ನ್ಯಾಯದ್ದೋ ಅಲ್ಲವೋ, ಗಡುವಿನ ಕೊನೆಯ ದಿನ ಸಣ್ಣ ಕಾರಣಕ್ಕೆ ತಿರಸ್ಕರಿಸಿ ಕೈತೊಳೆದುಕೊಂಡದ್ದೋ ಎಂಬುದು ಆ ಎಣಿಕೆಯ ಆಚೆಗೆ ಉಳಿಯುತ್ತದೆ.

ಗಜೇಂದ್ರಗಡದ ಪಾಡು ಇನ್ನೊಂದು ಬಗೆಯದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳಿಂದ ರಾಜ್ಯದ ತಾಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆದಾಗ ಗಜೇಂದ್ರಗಡ ರೋಣದ ಹೊಟ್ಟೆಯೊಳಗಿತ್ತು. ಕಾಲುವೆ ಕಂಡ ಹಳ್ಳಿಯೂ ಗುಡ್ಡದ ಮಗ್ಗುಲಿನ ಮಳೆಯಾಶ್ರಿತ ಹಳ್ಳಿಯೂ ಒಂದೇ ಸರಾಸರಿಯಲ್ಲಿ ಕರಗಿದವು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಊರಿಗೆ ತನ್ನದೇ ಅಂಕಿಸಂಖ್ಯೆ ಎಂಬುದೊಂದು ಬಂತು. ಎಷ್ಟೋ ಜನ ತಾಲೂಕು ಕೇಂದ್ರವೆಂದರೆ ಕಚೇರಿಯ ಕಟ್ಟಡವೆಂದೇ ತಿಳಿದಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಬೇರೆ ಪುಟ ಸಿಗುವುದು ಅದಕ್ಕಿಂತ ದೊಡ್ಡದು.

ಇದೇ ಊರಿನ ಮಗ್ಗದ ಕಥೆಯನ್ನೂ ಇಲ್ಲಿ ಸೇರಿಸಬೇಕು, ವ್ಯಾಪಾರದ ಅಳತೆ ಸರ್ಕಾರದ ಅಳತೆಯಷ್ಟೇ ಕುರುಡಾಗಬಲ್ಲದು ಎಂಬುದಕ್ಕೆ. ಗಜೇಂದ್ರಗಡ ಸೀಮೆಯ ಪಟ್ಟೆದಂಚು ಸೀರೆ ದಪ್ಪ ಹತ್ತಿ ನೂಲಿನದು: ಒಡಲಲ್ಲಿ ಸಣ್ಣ ಚೌಕಳಿ, ಅಂಚು ಕೆಂಪು ಅಥವಾ ಸಾಸಿವೆ ಬಣ್ಣದ ಬೋಳು ಪಟ್ಟಿ. ಒಳಗು ಹೊರಗು ಎಂಬ ಭೇದವಿಲ್ಲ, ಎರಡೂ ಮಗ್ಗುಲು ಉಡಬಹುದು. ಸವದತ್ತಿ ಎಲ್ಲಮ್ಮನಿಗೆ ಅರ್ಪಿಸುವ ರೂಢಿಯೂ ಇತ್ತು. ಹೊಲಗೆಲಸದ ಹೆಂಗಸರಿಗೆ ಬಾಳಿಕೆ ಬಂದ ಈ ಸೀರೆ, ಬಾಳಿಕೆಗೆ ಬೆಲೆ ಕಟ್ಟದ ಪೇಟೆಯಲ್ಲಿ ಅಗ್ಗದ ಪಾಲಿಸ್ಟರಿನ ಮುಂದೆ ಸೋತು ಮಗ್ಗದಿಂದ ಇಳಿಯಿತು. ವಿನ್ಯಾಸಗಾರ್ತಿ ಹೇಮಲತಾ ಜೈನ್ ಹಳೆಯ ಮಾದರಿ ಹುಡುಕಿ, ನೇಕಾರರನ್ನು ಒಪ್ಪಿಸಿ ಅದನ್ನು ಮತ್ತೆ ನೇಯಿಸಿದರು. ಮೊದಲು ರೊಟ್ಟಿಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟವರು ಉಡುತ್ತಿದ್ದ ಸೀರೆ ಈಗ ಬೆಂಗಳೂರಿನ ಪ್ರದರ್ಶನಗಳಲ್ಲಿ ಅಪರೂಪದ ಮಾಲು. ನೇಕಾರನಿಗೆ ಕೆಲಸ ಸಿಕ್ಕಿತು; ಹೊಲದ ಹೆಂಗಸಿಗೆ ಆ ಸೀರೆ ಮರಳಿ ಸಿಗಲಿಲ್ಲ.

ನರಗುಂದದಲ್ಲಿ 2015ರ ಜುಲೈನಲ್ಲಿ ಮತ್ತೆ ಪೆಂಡಾಲು ಎದ್ದಿತು. ಈ ಬಾರಿ ಕಳಸಾ–ಬಂಡೂರಿ ಹಳ್ಳಗಳ ನೀರನ್ನು ಮಹದಾಯಿ ಕಣಿವೆಯಿಂದ ಮಲಪ್ರಭೆಗೆ ತಿರುಗಿಸಿರೆಂಬ ಒತ್ತಾಯ. ಧರಣಿ ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು ಎರಡೂ ಹಳ್ಳ ಸೇರಿ 3.9 ಟಿಎಂಸಿ, ಅದೂ ಕುಡಿಯುವ ನೀರಿನ ಲೆಕ್ಕಕ್ಕೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಅರಣ್ಯ ಮತ್ತು ವನ್ಯಜೀವಿ ಅನುಮತಿಗಳ ಕಡತ ಬೇರೆಯೇ ದಾರಿ ಹಿಡಿಯಿತು. ಆ 3.9 ಟಿಎಂಸಿ ಪೂರ್ತಿ ಹರಿದು ಬಂದರೂ ಜಲಾಶಯದ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚಾದೀತು. ಹುಬ್ಬಳ್ಳಿ–ಧಾರವಾಡದ ನಲ್ಲಿಗಳು ಅದರ ಸರದಿಯಲ್ಲಿ ಮೊದಲು ನಿಂತಿವೆ, ಬಲದಂಡೆ ಕಾಲುವೆಯ ಕೊನೆಯ ಹೊಲಗಳು ಇನ್ನೂ ಅಚ್ಚುಕಟ್ಟಿನ ನಕಾಶೆಯಲ್ಲಿಯೇ ಇವೆ.